ಖಾಲಿ ಬಂಗಲೆಯ ಮುಂದೆ ಬಿಚ್ಚಿದ ಕೊಡೆ

ಹೋದ ತಿಂಗಳು ಒಂದು ಮಧ್ಯಾಹ್ನ ನನ್ನ ಆರು ವರ್ಷದ ಮಗ ಸೀನ ರಸ್ತೆಯಲ್ಲಿ ತಟ್ಟನೆ ನಿಂತು, ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಕಲ್ಲು ಚುಚ್ಚಿತೇನೋ ಅಂದುಕೊಂಡೆ. ಇಲ್ಲ. ಗುಡಿಯೇನಾದರೂ ಇದೆಯೇ ಎಂದು ಸುತ್ತ ನೋಡಿದೆ. ಅದೂ ಇಲ್ಲ. ಎದುರಿಗೆ ಇದ್ದದ್ದು ಒಂದು ದೊಡ್ಡ ಬಂಗಲೆ. ಬಾಗಿಲಿಗೆ ಬೀಗ, ವೆರಾಂಡದಲ್ಲಿ ಒಣಗಿದ ಎಲೆಗಳ ರಾಶಿ.

"ಯಾಕೋ ಚಪ್ಪಲಿ ಬಿಟ್ಟೆ?" ಎಂದೆ.

"ಎಲ್ಲಾರೂ ಇಲ್ಲಿ ಬಿಡ್ತಾರಲ್ಲಮ್ಮ."

ಊಟಕ್ಕೆ ಮುಂಚೆ ಕೈ ತೊಳೆಯುವಷ್ಟು ಸಹಜವಾಗಿ ಹೇಳಿದ. ನನಗೆ ಮೈ ಉರಿದುಹೋಯಿತು.

ಈ ಅಂಕಣ ಓದುತ್ತಾ ಬಂದವರಿಗೆ ಗೊತ್ತು, ನಾವು ಈ ಚಿನ್ನದ ಗಣಿಯ ಊರಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ನಮ್ಮ ಯಜಮಾನರಿಗೆ ಗಣಿಯ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಊರಿಗಾಂನಲ್ಲಿ ಮನೆ. ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿ, ಬೆಂಗಳೂರಿನಲ್ಲೊಮ್ಮೆ, ಬಂಗಾರಪೇಟೆಯಲ್ಲೊಮ್ಮೆ ಇಳಿದು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಇಲ್ಲಿರುತ್ತೇವೆ. ಆದರೂ ನನ್ನ ತಾಯಿ ನೆರೆಯವರಿಗೆ "ಮಗಳು ಫಾರಿನ್ನಿನಲ್ಲಿದ್ದಾಳೆ" ಎಂದೇ ಹೇಳುವುದು. ಪೂರ್ತಿ ಸುಳ್ಳೂ ಅಲ್ಲ. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ಕ್ಲಬ್ಬಿನ ಬೋರ್ಡಿನ ಮೇಲೆ ಇಂಗ್ಲಿಷು. ನಾನು ಕನ್ನಡ ಮಾತಾಡಬೇಕೆಂದರೆ ರಾಬರ್ಟ್‌ಸನ್‌ಪೇಟೆಗೆ ನಡೆಯಬೇಕು. ಅಲ್ಲಿ ಬೂದಿಕೋಟೆಯಿಂದ ಸೊಪ್ಪು ತರುವ ಮುನಿಯಮ್ಮ ಇದ್ದಾಳೆ.

ಹಾಗಾಗಿ ದಿನವೂ ನಮ್ಮದೊಂದು ಮೆರವಣಿಗೆ. ಬಿಸಿಲು ಸ್ವಲ್ಪ ಇಳಿಯುತ್ತಲೇ ಮುಂದೆ ಸೀನ, ಹಿಂದೆ ನಾನು, ನನ್ನ ಸೊಂಟದ ಮೇಲೆ ಕಮಲಿ. (ಅವಳಿಗೆ ಮೂರು ವರ್ಷ. ನಡೆಯಲು ಚೆನ್ನಾಗಿಯೇ ಬರುತ್ತದೆ, ಮನಸ್ಸು ಬರುವುದಿಲ್ಲ.) ಮೂವರ ತಲೆಗೂ ಸೇರಿ ಯಜಮಾನರ ಕಪ್ಪು ಕೊಡೆ. ಪೇಟೆಗೆ ಎರಡು ದಾರಿ. ಒಂದು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ್ದು, ಗಾಳಿ ಬೀಸಿದರೆ ಕಣ್ಣು ಬಾಯಿಗೆಲ್ಲ ಬಿಳಿ ಧೂಳು. ಕಮಲಿಗೆ ಮೊದಲೇ ಕೆಮ್ಮು. ಇನ್ನೊಂದು, ಅಧಿಕಾರಿಗಳ ಬಂಗಲೆಗಳ ಮುಂದೆ ಹಾದುಹೋಗುವ ರಸ್ತೆ. ಹೋದ ತಿಂಗಳಿನಿಂದ ನಾವು ಹಿಡಿದಿರುವುದು ಅದನ್ನು.

ಅವತ್ತು ಮುನಿಯಮ್ಮನನ್ನು ಕೇಳಿದೆ, ಏನಿದು ಚಪ್ಪಲಿ ಬಿಡುವ ಪದ್ಧತಿ ಎಂದು.

"ಅದು ಬಿಳೀ ದೊರೆ ಕಾಲ್ದಿಂದ ಅಂಗೇ ಕಣಮ್ಮ," ಎಂದಳು. "ಸೈಕ್ಲಲ್ಲಿ ಬಂದೋರು ಇಳ್ದು ತಳ್ಕಂಡು ಓಗ್ಬೇಕು. ಕೊಡೆ ಮಡಚ್ಬೇಕು. ನಾನು ತಲೆ ಮೇಲಿನ ಮಂಕ್ರಿ ಇಳಿಸಿ ಸೊಂಟಕ್ಕಿಕ್ಕಂಡು ಓಗ್ತೀನಿ."

"ಆ ದೊರೆ ಎಲ್ಲಿದ್ದಾನೆ ಈಗ?"

"ಓದ. ಅವ್ನ ದೇಸಕ್ಕೆ ಓದ."

ದೊರೆ ಹೋದ, ಗಣಿ ಸರ್ಕಾರದ್ದಾಯಿತು, ಬಂಗಲೆಗೆ ಬೀಗ ಬಿತ್ತು. ಮಂಕರಿ ಮಾತ್ರ ಇನ್ನೂ ಕೆಳಗೇ ಇಳಿಯುತ್ತಿದೆ. ಯಾರಿಗೆ ಮರ್ಯಾದೆ ಇದು? ಬೀಗಕ್ಕೋ?

ಮನೆಗೆ ಬಂದವಳೇ ಸೀನನನ್ನು ಕೂರಿಸಿಕೊಂಡು ಹೇಳಿದೆ. "ನೋಡು ಮಗು, ಆ ಬಂಗಲೆಯ ದೊರೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿಯಾಯಿತು. ಇನ್ನು ನಾವು ಚಪ್ಪಲಿ ಬಿಡಬೇಕಾಗಿಲ್ಲ." ಅವನು ಬಹಳ ಗಂಭೀರವಾಗಿ ಕೇಳಿಸಿಕೊಂಡ.

ಮಾರನೆಯ ದಿನ ಕೊಡೆ ಬಿಚ್ಚಿಕೊಂಡೇ ಬಂಗಲೆಯ ಮುಂದೆ ಬಂದೆ. ಅಲ್ಲಿಯ ಕಾವಲುಗಾರ ವೆಂಕಟಪ್ಪ ಗೇಟಿನಿಂದ ಓಡಿಬಂದ. ಪಾಪ, ಒಳ್ಳೆಯ ಮನುಷ್ಯ, ಬಂಗಾರಪೇಟೆ ಕಡೆಯ ಹಳ್ಳಿಯವನು.

"ಅಮ್ಮಾವ್ರೇ, ಕೊಡೆ ಮಡಚ್ಕಳಿ."

"ಒಳಗೆ ಯಾರಿದ್ದಾರಪ್ಪ?"

"ಯಾರೂ ಇಲ್ಲ."

"ಮತ್ತೆ?"

"ಬಂಗ್ಲೆ ಐತಲ್ಲಮ್ಮಾ."

ಬಿಸಿಲು ತೋರಿಸಿದೆ, ಮಗುವನ್ನು ತೋರಿಸಿದೆ, ಮುಂದೆ ನಡೆದೆ. ಅವನು ಹಿಂದೆಯೇ ಬಂದ. "ನನ್ನ ಕೆಲ್ಸ ಓಯ್ತದೆ ತಾಯಿ" ಎಂದ. ಖಾಲಿ ಮನೆಯೊಂದು ಯಾರ ಕೆಲಸ ತೆಗೆಯುತ್ತದೆ? ಹಾಗೆಂದು ಕೇಳಿದರೆ ಅವನು ನನ್ನನ್ನು ಕನಿಕರದಿಂದ ನೋಡಿದ.

ಯಜಮಾನರೂ ಹಾಗೆಯೇ ನೋಡಿದರು. "ನಾನು ಇಲ್ಲಿ ಇನ್ನೂ ಕೆಲಸ ಮಾಡಬೇಕು ಮಾರಾಯ್ತಿ. ಒಂದು ನಿಮಿಷ ಕೊಡೆ ಮಡಚಿದರೆ ನಿನ್ನ ಗಂಟೇನು ಹೋಗುತ್ತೆ?"

ನನ್ನದೇನೂ ಹೋಗುವುದಿಲ್ಲ, ನಿಜ. ನನ್ನ ಬೆನ್ನು ಬಲಿತಿದೆ, ಎಷ್ಟು ಬಗ್ಗಿದರೂ ಮತ್ತೆ ನೇರ ಮಾಡಿಕೊಳ್ಳುತ್ತೇನೆ. ಆದರೆ ಆರು ವರ್ಷಕ್ಕೇ ಬಗ್ಗಲು ಕಲಿತವನು ಅರವತ್ತಕ್ಕೆ ನೇರ ನಿಲ್ಲುತ್ತಾನೆಯೇ? ಆ ಒಂದೇ ಭಯ ನನಗೆ. ಬೇಕಾದರೆ ದಿಬ್ಬದ ದಾರಿ ಹಿಡಿಯಿರಿ ಎಂದರು ಯಜಮಾನರು. ಹಿಡಿಯುವುದಿಲ್ಲ ಎಂದೆ. (ಹಟಮಾರಿ ಎಂಬ ಬಿರುದು ನನಗೆ ತವರಿನಲ್ಲೇ ಸಿಕ್ಕಿತ್ತು.)

ದಿನವೂ ನಡೆದೆವು. ಶಿಫ್ಟ್ ಮುಗಿಸಿ ಸೈಕಲ್ ತಳ್ಳಿಕೊಂಡು ಬರುವ ಗಣಿಯವರು ನಮ್ಮನ್ನೂ ಕೊಡೆಯನ್ನೂ ನೋಡಿ ಕಣ್ಣು ತಗ್ಗಿಸುತ್ತಿದ್ದರು. ಸೀನ ಮೊದಮೊದಲು ಚಪ್ಪಲಿ ಬಿಡಲೂ ಇಲ್ಲ, ಧೈರ್ಯವಾಗಿ ನಡೆಯಲೂ ಇಲ್ಲ. ನನ್ನ ಸೆರಗು ಹಿಡಿದು ಬಂಗಲೆ ದಾಟುವವರೆಗೂ ಓಡುತ್ತಿದ್ದ. ನಾನು ಬೇಕೆಂದೇ ನಿಧಾನವಾಗಿ ಹೆಜ್ಜೆ ಹಾಕುತ್ತಿದ್ದೆ. ಆಮೇಲೆ ಒಂದು ದಿನ ಸೆರಗು ಬಿಟ್ಟ. ಇನ್ನೊಂದು ದಿನ ಬಂಗಲೆಯ ಎದುರಿಗೇ ಚಪ್ಪಲಿಯನ್ನು ಪಟಪಟ ಬಡಿಯುತ್ತಾ ನಡೆದ. ರಾಜ್ಯ ಗೆದ್ದಷ್ಟು ಸಂತೋಷವಾಯಿತು ನನಗೆ. ವೆಂಕಟಪ್ಪ ಆ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ನೀರು ಹಾಕಲು ಹೋಗುವ ಅಭ್ಯಾಸ ಮಾಡಿಕೊಂಡ. ಮುನಿಯಮ್ಮ ಒಂದು ಕಟ್ಟು ದಂಟಿನ ಸೊಪ್ಪು ಹೆಚ್ಚಿಗೆ ಹಾಕಿ, "ನಿಮ್ಮ ಕೊಡೆ ನೋಡಿ ನಾನೂ ಇವತ್ತು ಮಂಕ್ರಿ ಇಳಿಸ್ಲಿಲ್ಲ ಕಣಮ್ಮ" ಎಂದಳು.

ಅಷ್ಟರಲ್ಲಿ, ಹೋದ ವಾರ, ಬಂಗಲೆಯ ಬೀಗ ತೆರೆಯಿತು. ಹೊಸ ಅಧಿಕಾರಿ ಬಂದರು. ಬಿಳಿಯರಲ್ಲ, ನಮ್ಮವರೇ. ಮಂಡ್ಯದ ಕಡೆಯವರಂತೆ ಎಂದು ಯಜಮಾನರು ಹೇಳಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದು ಡಬ್ಬಿ ಕೋಡುಬಳೆ ಮಾಡಿ ಕೊಟ್ಟುಬರೋಣವೇ ಎಂದೂ ಯೋಚಿಸಿದೆ. ಇನ್ನು ಕೊಡೆಯ ಜಗಳ ಮುಗಿಯಿತು ಎಂದುಕೊಂಡೆ.

ಸೋಮವಾರ ಎಂದಿನಂತೆ ಹೊರಟೆವು. ವೆಂಕಟಪ್ಪ ದೂರದಿಂದಲೇ ಕೈ ಆಡಿಸುತ್ತಿದ್ದ. ಹತ್ತಿರ ಬಂದು ಪಿಸುಗುಟ್ಟಿದ, "ಇವತ್ತು ದೊರೆ ಅವ್ರೆ ತಾಯಿ. ಮಡಚ್ಕಂಬುಡಿ."

ವೆರಾಂಡದ ಎಲೆಗಳನ್ನೆಲ್ಲ ಗುಡಿಸಿಯಾಗಿತ್ತು. ಈಜಿಚೇರಿನಲ್ಲಿ ಕೂತಿದ್ದವರು ಪೇಪರು ಕೆಳಗಿಳಿಸಿದರು. ತಿಂಗಳುಗಳಿಂದ ನಾನು ಕೇಳಲು ಹಂಬಲಿಸಿದ್ದ ನನ್ನ ತವರಿನ ಕನ್ನಡ, ಅದೇ ರಾಗದಲ್ಲಿ, ಆ ವೆರಾಂಡದಿಂದ ಬಂತು.

"ಯಾರಯ್ಯ ಅದು, ಕೊಡೆ ಬಿಚ್ಕೊಂಡು ಹೋಗ್ತಾ ಇರೋದು? ಇಲ್ಲಿನ ಪದ್ಧತಿ ಗೊತ್ತಿಲ್ವಂತಾ?"

ನನಗಾದದ್ದು ಸಿಟ್ಟೋ ಅವಮಾನವೋ ಹೇಳಲಾರೆ, ಎರಡೂ ಇತ್ತು. ಕೊಡೆ ಮಾತ್ರ ಮಡಚಲಿಲ್ಲ. ಯಜಮಾನರಿಗೆ ಆಫೀಸಿನಲ್ಲಿ ಕರೆ ಬರಬಹುದು, ಬರಲಿ. ನಾಳೆಯೂ ಇದೇ ಹೊತ್ತಿಗೆ ಇದೇ ದಾರಿ.

ಬಂಗಲೆ ದಾಟಿದ ಮೇಲೆ ಸೀನ ನನ್ನ ಕೈ ಜಗ್ಗಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು.

"ಅಮ್ಮ, ಈ ದೊರೆ ಯಾವಾಗ ಇಂಗ್ಲೆಂಡಿಗೆ ಹೋಗ್ತಾರೆ?"