ಎಮ್ಮೆ ತಿಂದ ವಿಮಾನ

ಇವತ್ತು ಬೀದರಿನ ಮೈದಾನದಲ್ಲಿ ಮಗಳ ಥರ್ಮಾಕೋಲ್ ವಿಮಾನ ಎಷ್ಟು ಎಸೆದರೂ ತಲೆಯೆತ್ತಿ ಬೀಳುತ್ತಿತ್ತು. ನನಗೆ ಭಾಲ್ಕಿಯ ಸುಶೀಲತ್ತೆ ನೆನಪಾದರು.

ಅತ್ತೆ ನರ್ಸ್. ನಾನು ಚಿಕ್ಕವಳಿದ್ದಾಗ ಅವರು ಆಸ್ಪತ್ರೆಯಿಂದ ಬಂದವರೇ ಅಂಗಳದಲ್ಲಿ ಕೂತು ಜೋಳದ ದಂಟಿನ ಸಿಪ್ಪೆ ಸುಲಿಯುತ್ತಿದ್ದರು. ಒಳಗಿನ ಹಗುರ ಬೆಂಡನ್ನು ಬ್ಲೇಡಿನಲ್ಲಿ ಸೀಳಿ, ಮೈದಾ ಅಂಟಿನಿಂದ ಜೋಡಿಸಿ ವಿಮಾನ ಮಾಡುತ್ತಿದ್ದರು. ಆ ಕೈಯ ನಾಜೂಕನ್ನು ನಾನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಕೊನೆಗೆ ಕ್ರಿಸ್‌ಮಸ್ಸಿಗೆ ಉರಿದು ಉಳಿದ ಮೇಣದ ಚೂರನ್ನು ವಿಮಾನದ ಮೂಗಿಗೆ ಮೆತ್ತಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ತೂಗಿ ನೋಡುವರು.

“ಮೂಗು ಸ್ವಲ್ಪ ಭಾರ ಇರಬೇಕು ತಂಗಿ. ಇಲ್ಲಂದ್ರ ತಲಿ ಎತ್ತಿ ಬೀಳ್ತದ.”

ಒಂದು ಸಂಜೆ ನಮ್ಮ ಎಲ್ಲಕ್ಕಿಂತ ದೊಡ್ಡ ವಿಮಾನ ಅತ್ತೆಯ ಕೈಬಿಟ್ಟು ತೇಲಿತು. ಗೋಡೆ ದಾಟಿ ಮೆಲ್ಲಗೆ ಪಕ್ಕದ ಮನೆಯ ಕೊಟ್ಟಿಗೆಯಲ್ಲಿ ಇಳಿಯಿತು. ನಾನು ಓಡಿ ಹೋಗುವಷ್ಟರಲ್ಲಿ ಎಮ್ಮೆ ರೆಕ್ಕೆ ಮುಗಿಸಿ ಬಾಲ ಅಗಿಯುತ್ತಿತ್ತು.

“ಅತ್ತಿ, ಎಮ್ಮಿ ತಿಂದುಬಿಡ್ತ್ರಿ!” ನಾನು ಗೊಳೋ ಎಂದು ಅಳತೊಡಗಿದೆ.

“ಯಾಕ ಅಳ್ತಿ? ಗ್ವಾಡಿ ದಾಟ್ತು, ಅದನ್ನ ನೋಡು!” ಎನ್ನುತ್ತಲೇ ಅವರು ಇನ್ನೊಂದು ದಂಟು ಕೈಗೆತ್ತಿಕೊಂಡರು.

ಇವತ್ತು ನಾನು ಮಗಳ ಬಾಯಿಂದ ಚ್ಯೂಯಿಂಗ್ ಗಮ್ ಉಗುಳಿಸಿ ವಿಮಾನದ ಮೂಗಿಗೆ ಮೆತ್ತಿದೆ. ಅದು ಮೈದಾನದ ಆ ತುದಿಯವರೆಗೂ ಹಾರಿತು. ಅತ್ತೆಗೆ ವಿಡಿಯೋ ಕಳಿಸಿದೆ. ತಕ್ಷಣ ಫೋನ್ ಬಂತು.

“ಭಾಳ ಛಲೋ ಹಾರ್ತದ. ಆದ್ರ ಥರ್ಮಾಕೋಲ್ ಅಲ್ಲೇನು? ಪಾಪ, ಎಮ್ಮಿಗಿ ಏನೂ ಸಿಗಂಗಿಲ್ಲ ನೋಡು.”