ರಕ್ತ ನಿಲ್ಲಿಸಲು ಬಂದ ಅರಿಶಿಣ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎದುರು ಮನೆಯವರು ವಿಜಯಪುರದ ಕಡೆಯವರು. ಗಂಡ ಸೊಸೈಟಿಯ ಸೆಕ್ರೆಟರಿ. ಬೆಳಗಾದರೆ ವಾಟ್ಸಾಪ್ ಗುಂಪಿಗೆ ಆರೋಗ್ಯದ ಉಪದೇಶ ಸುರಿಯುವುದು ಅವರ ನಿತ್ಯಕರ್ಮ. ಮೆಂತ್ಯೆ ನೀರಿನಿಂದ ಹೃದಯದ ಬ್ಲಾಕೇಜ್ ಕರಗಿಸಬಲ್ಲ ಮಹಾನುಭಾವರು.

ಒಂದು ಭಾನುವಾರ ಮಧ್ಯಾಹ್ನ ಅವರ ಮನೆಯಲ್ಲಿ ಗಾಜು ಒಡೆದ ಸದ್ದು ಕೇಳಿ ಓಡಿದೆ. ಹೆಂಡತಿ ಒದ್ದೆ ನೆಲದಲ್ಲಿ ಜಾರಿ ಬಾಲ್ಕನಿಯ ಗಾಜಿನ ಬಾಗಿಲ ಮೇಲೆ ಬಿದ್ದಿದ್ದಳು. ಬಲ ಮುಂಗೈ ಉದ್ದಕ್ಕೆ ಸೀಳಿ ರಕ್ತ ಚಿಮ್ಮುತ್ತಿತ್ತು. ನಮ್ಮ ವಾಟ್ಸಾಪ್ ಪಂಡಿತರು ಗಾಯಕ್ಕೆ ಅರಿಶಿಣ ಸುರಿಯುತ್ತಿದ್ದರು. ರಕ್ತ ಅದನ್ನು ಕೊಚ್ಚಿಕೊಂಡು ಹೋಗುತ್ತಿತ್ತು, ಅವರು ಮತ್ತೆ ಸುರಿಯುತ್ತಿದ್ದರು.

ನಾನು ಕೆಲಸ ಮಾಡುವ ಕೆಮಿಕಲ್ ಕಂಪನಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿಗೆ ಎಲ್ಲರನ್ನೂ ಕೂರಿಸುತ್ತಾರೆ. ಗಾಯದಲ್ಲಿ ಗಾಜು ನಾಟಿಲ್ಲವೆಂದು ನೋಡಿಕೊಂಡು, ಆಕೆಯನ್ನು ಮಲಗಿಸಿ, ಒಗೆದಿಟ್ಟ ಟವೆಲ್ ಮಡಚಿ ಗಾಯದ ಮೇಲಿಟ್ಟು, ಎರಡೂ ಅಂಗೈಗಳಿಂದ ಮೈಭಾರ ಹಾಕಿ ಒತ್ತಿದೆ.

"ತಗದು ನೋಡ್ರಿ ವೈನಿ, ನಿಂತೈತೇನ," ಎನ್ನುತ್ತ ಸೆಕ್ರೆಟರಿ ಟವೆಲಿನ ಅಂಚಿಗೆ ಕೈ ಹಾಕಿದರು. ವೈನಿ ಎಂದರೆ ಅತ್ತಿಗೆ; ಗಂಡ ಹೆಂಡತಿ ಇಬ್ಬರೂ ನನ್ನನ್ನು ಹಾಗೇ ಕರೆಯುವುದು.

"ತಗದ್ರ ಮತ್ತ ಹರೀತೈತಿ. ರಿಕ್ಷಾ ಕರೀರಿ."

"ನನ್ನ ಕಜಿನ್ ಡಾಕ್ಟರ್ ಅದಾನ. ವಿಡಿಯೋ ಕಾಲ್‌ನ್ಯಾಗ ಒಮ್ಮೆ ತೋರಸೂಣು."

ನೆಲದ ಮೇಲಿಂದ ಹೆಂಡತಿ ಮೆಲ್ಲಗೆ ಹೇಳಿದಳು: "ಮೊದಲ ಇವರನ್ನ ಹೊರಗ ಹಾಕ್ರಿ, ವೈನಿ."

ಟವೆಲ್ ನೆನೆಯಿತು. ಅದನ್ನು ತೆಗೆಯದೆ, ಅದರ ಮೇಲೆಯೇ ನನ್ನ ಓಢಣಿ ಮಡಚಿಟ್ಟು ಇನ್ನೂ ಬಲವಾಗಿ ಒತ್ತಿದೆ. ಕೊನೆಗೆ ರಿಕ್ಷಾ ತಂದವನು ವಾಚ್‌ಮನ್. ಸ್ಟೇಷನ್ ರಸ್ತೆಯ ಗದ್ದಲದಲ್ಲಿ ಅದು ತೆವಳುವಾಗ ಆಕೆಯ ತುಟಿ ಬಿಳಿಚಿತ್ತು. ಒತ್ತಿದ ಕೈ ಸಡಿಲಿಸದೆ ಅದೂ ಇದೂ ಮಾತಾಡಿಸುತ್ತಲೇ ಇದ್ದೆ. ಡ್ರೈವರನ ಪಕ್ಕ ಒತ್ತಿಕೊಂಡು ಕೂತ ಪತಿರಾಯರು ಗುಂಪಿಗೆ ಏನೋ ಟೈಪ್ ಮಾಡುತ್ತಿದ್ದರು.

ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತ ಡಾಕ್ಟರಮ್ಮ ಸಿಡುಕಿದರು: "ಯೇ ಹಲ್ದಿ ಕಿಸನೇ ಡಾಲೀ?"

ಸೆಕ್ರೆಟರಿ ನನ್ನತ್ತ ನೋಡಿದರು, ಅರಿಶಿಣ ಹಾಕಿದವಳು ನಾನೇ ಎಂಬಂತೆ. ಇಂಥ ಹೇಡಿಯನ್ನು ನಾನು ಬೇರೆ ಕಂಡಿಲ್ಲ. ಹೆಂಡತಿ ಎಡಗೈ ಬೆರಳು ಎತ್ತಿ ಗಂಡನನ್ನು ತೋರಿಸಿದಳು.

ಕೈ ಉಳಿಯಿತು. ಕಿರುಬೆರಳು ಮಾತ್ರ ಇಂದಿಗೂ ಪೂರ್ತಿ ಮಡಚುವುದಿಲ್ಲ. ಆ ಮನುಷ್ಯ ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲಿನಲ್ಲಿ ಮುಖ ಹುದುಗಿಸುತ್ತಾರೆ. ನನಗೂ ಅದೇ ಬೇಕಾಗಿದ್ದದ್ದು. ಆಕೆ ಮಾತ್ರ ಸಂಜೆ ಚಹಾಕ್ಕೆ ಬರುತ್ತಾಳೆ, ಕಪ್ಪನ್ನು ಎಡಗೈಯಲ್ಲಿ ಹಿಡಿಯುತ್ತಾಳೆ.