ಗೋಮಾಳ ಗುಡಿಸಿದ ದಿನ

ನೀಲಗಿರಿ ಮರದ ವಾಸನೆ ನೆಗಡಿಗೆ ಒಳ್ಳೇದು ಅಂತಾರೆ. ನನಗೆ ಆಗಿಬರಲ್ಲ. ಗೌರಿಬಿದನೂರಿಂದ ಬರುವ ಬಸ್ಸು ನಮ್ಮೂರ ಪಕ್ಕ ಹಾಯುವಾಗ ಇವತ್ತಿಗೂ ಸೆರಗು ಮೂಗಿಗೆ ಹಿಡಿದು ಕೂರ್ತೀನಿ.

ಈಗ ಆ ಮರಗಳಿರೋ ಜಾಗ ಆಗ ಊರ ದನ ಮೇಯೋ ಗೋಮಾಳ. ಐವತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಬಂದಾಗ ಮನೆಯಲ್ಲಿ ಎರಡು ಹಸು, ಒಂದು ಜೊತೆ ಎತ್ತು. ಹೊಲದಲ್ಲಿ ಬೆಳೆದದ್ದು ನಮ್ಮ ಹೊಟ್ಟೆಗೇ ಸಾಲದು, ಇನ್ನು ದನಕ್ಕೆಲ್ಲಿ? ಗೋಮಾಳ ಹೋದರೆ ನಾಲ್ಕನ್ನೂ ಚಿಂತಾಮಣಿ ಸಂತೆಗೆ ಹೊಡೆಯೋದೇ.

ಮೇಯಿಸೋ ಕೆಲಸ ನನ್ನದು. ದೀಪಾವಳಿ ಕಳೆದು ಚಳಿ ಬಿದ್ದರೆ ನೆಲಗುಬ್ಬಿಗಳ ಹಿಂಡು ಬಂದಿಳಿಯೋದು. ಒಣಹುಲ್ಲಿನದೇ ಬಣ್ಣ, ಕೂತರೆ ಕಣ್ಣಿಗೆ ಬೀಳವು. ಹಸು ಒಂದು ಹೆಜ್ಜೆ ಇಟ್ಟರೆ ಬುರ್ರನೆ ಎದ್ದು, ಒಂದು ಸುತ್ತು ಹೊಡೆದು, ಮತ್ತೆ ಅದರ ಕಾಲ ಬುಡದಲ್ಲೇ ಕೂರೋವು. ಹಳದಿ ಹೊಟ್ಟೆಯ ಬಾಲ ಕುಣಿಸೋ ಹಕ್ಕಿಗಳು ಸಗಣಿ ಕೆದಕಿ ಹುಳ ಹೆಕ್ಕೋವು. ಅದನ್ನೇ ನೋಡ್ತಾ ನನಗೆ ತವರಿನ ನೆನಪೂ ಮರೆತುಹೋಗೋದು.

ಕೆಲವು ವರ್ಷದ ಮೇಲೆ, ಗೋಮಾಳದಲ್ಲಿ ಅರಣ್ಯ ಇಲಾಖೆಯವರು ನೀಲಗಿರಿ ನೆಡ್ತಾರಂತೆ ಅಂತ ಸುದ್ದಿ ಬಂತು. ಜಾಗ ನೋಡೋಕೆ ಬರೋ ಸಾಹೇಬರಿಗೆ ಹಕ್ಕಿ ಅಂದರೆ ಪ್ರಾಣ, ಮಂಡಿಕಲ್ ಕಡೆ ಹಿಂಡು ಕಂಡು ಒಂದು ಬಯಲನ್ನ ಗಿಡ ನೆಡದೆ ಹಾಗೇ ಬಿಟ್ಟರು ಅಂತಲೂ ಜನ ಹೇಳಿದರು. ನಮಗೆ ಹೋದ ಜೀವ ಬಂತು. ಹಕ್ಕಿ ತಾನೆ, ಬೇಕಾದಷ್ಟಿವೆ.

ಆದರೆ ಊರ ಯಜಮಾನಿಕೆ ನಮ್ಮ ಚಿಕ್ಕಮಾವನದು. ದೊಡ್ಡವರ ಮುಂದೆ ಆ ಮನುಷ್ಯ ನಡು ನೆಟ್ಟಗೆ ಮಾಡಿದ್ದನ್ನ ನಾನು ಕಾಣೆ. ಸಾಹೇಬರು ಬರೋ ದಿನ ಬೆಳಗ್ಗೇನೇ ಹೆಂಗಸರನ್ನೆಲ್ಲ ಕರೆಸಿ ಗೋಮಾಳ ಗುಡಿಸಿಸಿದರು. ಸಗಣಿ ಬಾಚಿಸಿದರು. ಚಪ್ಪರ ಹಾಕಿ, ಮಾವಿನ ತೋರಣ ಕಟ್ಟಿ, ನೀರು ಚಿಮುಕಿಸಿ ಅಕ್ಕಿಹಿಟ್ಟಿನ ರಂಗೋಲಿ ಬಿಡಿಸಿದರು. ದನ ಮೇಯೋ ಬಯಲಿಗೆ ರಂಗೋಲಿ, ಥೂ.

"ದನಾನೆಲ್ಲ ಕೆರೆ ಹಿಂದಕ್ಕೆ ಹೊಡ್ಕೊಂಡು ಹೋಗಮ್ಮ," ಅಂದರು ನನಗೆ. "ಜೀಪು ಹೋಗೋ ತನಕ ಒಂದು ಬಾಲಾನೂ ಇತ್ತ ಕಾಣಬಾರದು."

"ದನ ಇಲ್ದಿದ್ರೆ ಹಕ್ಕಿ ಎಲ್ಲಿ ಬರ್ತವೆ ಮಾವ?"

ಸಿಟ್ಟು ಬಂದರೆ ಅವರು ತೆಲುಗಿಗೆ ತಿರುಗೋರು. "ಊರುಕೋಮ್ಮಾ," ಅಂದರು, ಸುಮ್ಮನಿರು ಅಂತ. "ಸಾಹೇಬರು ಸಗಣಿ ತುಳೀಬೇಕಾ?"

ನಾನು ಹೇಳಿದ್ದು ಅವರಿಗೆ ಗೊತ್ತಿಲ್ಲದ್ದಲ್ಲ, ಚಿಕ್ಕಂದಿನಿಂದ ಅಲ್ಲೇ ದನ ಕಾದವರು. ಅದಕ್ಕೇ ನನಗೆ ಇನ್ನಷ್ಟು ಹೇಸಿಗೆ. ನನ್ನ ಗಂಡ ಪಕ್ಕದಲ್ಲೇ ಇದ್ದರು, ತೋರಣ ಸರಿಮಾಡ್ತಾ.

ಊರ ದನವನ್ನೆಲ್ಲ ಕೆರೆ ಏರಿ ಹಿಂದೆ ತಂದು ಬಿಟ್ಟೆವು. ಬಿಸಿಲು ಏರೋ ಹೊತ್ತಿಗೆ ಹಿಂಡು ಅಲ್ಲಿಗೇ ಬಂತು. ಎಷ್ಟು ಹಕ್ಕಿ ಅಂದರೆ ನನಗೆ ಕಾಲಿಡೋಕೆ ಜಾಗವಿಲ್ಲ. ಏರಿ ಹತ್ತಿ ನೋಡಿದೆ. ಸಾಹೇಬರು ಹಾರ ಹಾಕಿಸಿಕೊಂಡು ಚಪ್ಪರದಡಿ ಕೂತು, ಗುಡಿಸಿದ ನೆಲವನ್ನ ದುರ್ಬೀನಿನಲ್ಲಿ ನೋಡ್ತಿದ್ದರು. ಚಿಕ್ಕಮಾವ ಹಲ್ಲು ಗಿಂಜುತ್ತ ಬೀಸಣಿಗೆ ಬೀಸ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಯಾರು ಏನಾದರೂ ಅಂದುಕೊಳ್ಳಲಿ, ಹಕ್ಕಿ ಇಲ್ಲಿವೆ ಅಂತ ಸಾಹೇಬರಿಗೆ ಹೇಳೋಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ. ಅರ್ಧ ದಾರಿಯಲ್ಲೇ ಜೀಪಿನ ಧೂಳು ಎದ್ದಿತು.

ಚಿಕ್ಕಮಾವ ಎದುರಾದರು. ಸಾಹೇಬರು ತೆಗೆದಿಟ್ಟುಹೋದ ಹಾರ ಅವರ ಕೊರಳಲ್ಲಿತ್ತು.

"ಎಷ್ಟು ಹೊಗಳಿದರು ಗೊತ್ತೇನಮ್ಮ. ಇಷ್ಟು ಚೊಕ್ಕಟ ಜಾಗ ಎಲ್ಲೂ ನೋಡಿಲ್ಲ, ದನದ ಕಾಟವೂ ಇಲ್ಲ, ಸಸಿ ನೆಡೋಕೆ ಹೇಳಿ ಮಾಡಿಸಿದ ಹಾಗಿದೆ ಅಂದ್ರು."

ಅವರು ಇನ್ನೂ ಮಾತಾಡ್ತಿದ್ದರು. ನನ್ನ ಹಿಂದೆಯೇ ಏರಿ ದಾಟಿ ಬಂದ ಹಸುಗಳು ನಮ್ಮ ಪಕ್ಕದಿಂದಲೇ ಗೋಮಾಳಕ್ಕೆ ಹೋದವು. ಅವುಗಳ ಹಿಂದೆ ಹಿಂಡು ಬಂದು ರಂಗೋಲಿಯ ಮೇಲೆ ಇಳಿದು, ಹಿಟ್ಟು ಹೆಕ್ಕೋಕೆ ಶುರುಮಾಡಿತು.